ಬೀದಿಯಿಂದ ಮನೆಗೆ ಬಂದ ನಾಯಿಗೆ ಮೊದಲ ಪಾಠಗಳು

ಬೀದಿಯಲ್ಲಿ ಬೆಳೆದ ನಾಯಿಗೆ ಯಾರಿಂದ ಎಷ್ಟು ದೂರ ಇರಬೇಕೆಂದು ಚೆನ್ನಾಗಿ ಗೊತ್ತು. ಕುತ್ತಿಗೆಗೆ ಬೆಲ್ಟ್ ಬಿದ್ದು ಫ್ಲ್ಯಾಟಿನೊಳಗೆ ಬಂದ ದಿನವೇ ಆ ಅವಕಾಶ ತಪ್ಪಿಹೋಗುತ್ತದೆ. ಸರಿದು ಹೋಗಲು ದಾರಿಯಿಲ್ಲದಿದ್ದರೆ ಅದು ಗುರುಗುಟ್ಟುತ್ತದೆ, ಕೊನೆಗೆ ಕಚ್ಚುತ್ತದೆ. ಹಾಗಾಗಿ ದತ್ತು ತಂದ ದೊಡ್ಡ ನಾಯಿಗೆ ‘ಸಿಟ್’, ‘ಶೇಕ್‌ಹ್ಯಾಂಡ್’ ಎಲ್ಲ ಆಮೇಲೆ. ಮೊದಲು ದೂರ ಸರಿಯುವ ಹಕ್ಕು ಅದಕ್ಕೆ ವಾಪಸ್ ಸಿಗಬೇಕು.

ಜನ ಓಡಾಡದ ಮೂಲೆಯಲ್ಲಿ ಹಳೆಯ ಕಂಬಳಿ ಹಾಸಿ, ಪಕ್ಕದಲ್ಲಿ ನೀರಿಡಿ. ನುಣುಪಾದ ಟೈಲ್ಸ್ ಮೇಲೆ ಕಾಲು ಜಾರಿದರೆ ನಾಯಿ ಇನ್ನಷ್ಟು ಹೆದರುತ್ತದೆ. ಅಲ್ಲಿಂದ ಬಾಗಿಲವರೆಗೆ ಜಾರದ ಮ್ಯಾಟ್ ಹಾಕಿ. ಮೊದಲ ಮೂರು ದಿನ ನೆಂಟರೂ ಬೇಡ, ಸ್ನಾನವೂ ಬೇಡ. ಆ ಮೂಲೆಯಲ್ಲಿರುವಾಗ ಮಕ್ಕಳೂ ಅದನ್ನು ಮುಟ್ಟಬಾರದು. ಎದುರು ನಿಂತು ತಲೆಯ ಮೇಲೆ ಕೈ ಚಾಚಬೇಡಿ. ಪಕ್ಕಕ್ಕೆ ತಿರುಗಿ ಕೂತುಕೊಳ್ಳಿ. ಅದಾಗಿಯೇ ಹತ್ತಿರ ಬಂದರೆ ಎದೆಯ ಬಳಿ ಮೂರು ಸೆಕೆಂಡ್ ಸವರಿ ಕೈ ತೆಗೆಯಿರಿ. ಇನ್ನೂ ಬೇಕಿದ್ದರೆ ಅದೇ ಒತ್ತಿಕೊಂಡು ಬರುತ್ತದೆ.

ನಿದ್ದೆ ಬರದಿದ್ದರೂ ಆಕಳಿಸುವುದು, ಬರೀ ಬಾಯಿ ನೆಕ್ಕಿಕೊಳ್ಳುವುದು, ಕಣ್ಣಿನ ಬಿಳಿ ಕಾಣುವಂತೆ ಓರೆನೋಟ ಬೀರುವುದು, ಇದ್ದಕ್ಕಿದ್ದಂತೆ ಮೈ ಬಿಗಿದು ನಿಲ್ಲುವುದು ಎಲ್ಲವೂ ‘ಸಾಕು’ ಎಂಬ ಸೂಚನೆಗಳು. ಗುರುಗುಟ್ಟಿದ್ದಕ್ಕೆ ದಯವಿಟ್ಟು ಹೊಡೆಯಬೇಡಿ, ಬೈಯಬೇಡಿ. ಪೆಟ್ಟು ತಿಂದ ನಾಯಿ ಗುರುಗುಟ್ಟುವುದನ್ನು ಬಿಟ್ಟರೂ ಅದರ ಹೆದರಿಕೆ ಹೋಗಿರುವುದಿಲ್ಲ. ಮುಂದಿನ ಸಲ ಸುಳಿವೇ ಕೊಡದೆ ಕಚ್ಚುತ್ತದೆ.

ಹೊರಗೆ ಹೋಗುವಾಗ ಬರೀ ಬೆಲ್ಟ್ ನಂಬಬೇಡಿ. ನಮ್ಮ ಊರುನಾಯಿಗಳಲ್ಲಿ ಅನೇಕವಕ್ಕೆ ತಲೆ ಕಿರಿದು, ಕುತ್ತಿಗೆ ದಪ್ಪ. ಹೆದರಿ ಹಿಂದಕ್ಕೆ ಜಗ್ಗಿದರೆ ಬೆಲ್ಟ್ ಕಳಚಿಬಿಡುತ್ತದೆ. ಹೊಸ ನಾಯಿಗಳು ಕಳೆದುಹೋಗುವುದು ಹೆಚ್ಚಾಗಿ ಹೀಗೆಯೇ. ಎದೆಯನ್ನು ಸುತ್ತಿ ಹಿಡಿಯುವ ಹಾರ್ನೆಸ್ ಹಾಕಿ, ಅದನ್ನೂ ಬೆಲ್ಟನ್ನೂ ಸಣ್ಣ ಪಟ್ಟಿಯಿಂದ ಜೋಡಿಸಿ. ಹಾರ್ನೆಸ್, ಬೆಲ್ಟ್ ಎರಡರೊಳಗೂ ಎರಡು ಬೆರಳು ತೂರುವಷ್ಟೇ ಸಡಿಲ ಇರಲಿ. ಕೈಯಲ್ಲಿ ಹಿಡಿಯುವ ಹಗ್ಗ (ಲೀಶ್) ಆರು ಅಡಿಯದು ಸಾಕು. ಕುತ್ತಿಗೆ ಬಿಗಿಯುವ ಚೋಕ್ ಚೈನ್ ಬೇಡವೇ ಬೇಡ.

ಬೀದಿ ಖಾಲಿಯಿರುವ ಬೆಳಗಿನ ಜಾವ ಹೊರಡಿ. ಕಡಲೆಕಾಳಿನಷ್ಟು ಸಣ್ಣಗೆ ಹರಿದ, ಉಪ್ಪು, ಈರುಳ್ಳಿ, ಬೆಳ್ಳುಳ್ಳಿ ಹಾಕದೆ ಬೇಯಿಸಿದ ಮೂಳೆಯಿಲ್ಲದ ಕೋಳಿ ಜೇಬಿನಲ್ಲಿರಲಿ. ಮಾಂಸ ತರದ ಮನೆಯಾದರೆ ಪನೀರ್ ಆದೀತು. ಇನ್ನೊಂದು ನಾಯಿ ಕಂಡರೂ ನಿಮ್ಮದು ತಿಂಡಿ ತಿನ್ನುವಷ್ಟು ದೂರದಲ್ಲಿ ನಿಲ್ಲಿ. ಅದು 40 ಅಡಿಯಾದರೆ 40 ಅಡಿಯೇ ಸರಿ. ನಿಮ್ಮ ನಾಯಿ ಆ ನಾಯಿಯ ಕಡೆ ನೋಡಿದಾಗಲೆಲ್ಲ ಒಂದು ತುಂಡು ಕೊಡಿ. ತಿಂಡಿ ಮೂಸಿಯೂ ನೋಡದಿದ್ದರೆ ತೀರಾ ಹತ್ತಿರ ಬಂದಿದ್ದೀರಿ ಎಂದರ್ಥ; ಬಂದ ದಾರಿಯಲ್ಲೇ ತಿರುಗಿ. ಹತ್ತು ನಿಮಿಷ ಸಾಕು. ಕೆಲವು ದಿನಗಳಿಗೊಮ್ಮೆ ಒಂದೆರಡು ಅಡಿ ಹತ್ತಿರವಾಗಿ. ಮೂಸಿ ನೋಡಲಿ ಎಂದು ಬೀದಿನಾಯಿಗಳ ಗುಂಪಿಗೆ ನುಗ್ಗಿಸಿದರೆ ತಿಂಗಳ ಶ್ರಮ ಒಂದೇ ದಿನದಲ್ಲಿ ಹಾಳು.

ಕುಕ್ಕರ್ ಸೀಟಿ, ಮಿಕ್ಸಿ, ಪಟಾಕಿ ಸದ್ದಿಗೂ ಇದೇ ಕ್ರಮ, ಇಲ್ಲಿ ದೂರದ ಬದಲು ವಾಲ್ಯೂಮ್. ಮೊಬೈಲಿನಲ್ಲಿ ಸದ್ದನ್ನು ತೀರಾ ಸಣ್ಣಗೆ ಹಾಕಿ, ಸದ್ದು ಕೇಳಿದ ಮೇಲೆ ತಿಂಡಿ ಕೊಡಿ. ತಿಂಡಿ ಮೊದಲು ಬಂದರೆ ಅದೇ ಅಪಾಯದ ಮುನ್ಸೂಚನೆಯಾಗಿ, ನಾಯಿ ತಿಂಡಿಗೂ ಹೆದರತೊಡಗುತ್ತದೆ. ದೀಪಾವಳಿಗೆ ಎರಡು ತಿಂಗಳು ಮೊದಲೇ ಶುರುಮಾಡಿ.

ನಾಯಿ ನಿದ್ದೆಯಿಂದ ಎದ್ದ ತಕ್ಷಣ, ಉಂಡ ಮೇಲೆ, ಮಲಗುವ ಮುಂಚೆ ಉಚ್ಚೆಗೆಂದು ಮಣ್ಣು ಅಥವಾ ಹುಲ್ಲಿರುವ ಒಂದೇ ಜಾಗಕ್ಕೆ ಕರೆದೊಯ್ಯಿರಿ. ಮುಗಿಸಿದ ಕೂಡಲೇ ಅಲ್ಲೇ ತಿಂಡಿ. ಒಳಗೆ ಮಾಡಿದರೆ, ವಾಸನೆಯನ್ನು ಬುಡದಿಂದ ತೆಗೆಯುವ ಎಂಜೈಮ್ ಇರುವ ಕ್ಲೀನರಿನಲ್ಲಿ ಒರೆಸಿ. ಫಿನಾಯಿಲ್ ನಮ್ಮ ಮೂಗಿಗೆ ವಾಸನೆ ಮುಚ್ಚುತ್ತದೆ, ನಾಯಿಯ ಮೂಗಿಗಲ್ಲ. ಇಡೀ ದಿನ ಉಚ್ಚೆ ಮಾಡದಿದ್ದರೆ ಡಾಕ್ಟರಿಗೆ ತೋರಿಸಿ.

ಮರಿಯಾದರೆ ಲೆಕ್ಕವೇ ಬೇರೆ. ಹೊಸದನ್ನು ಸುಲಭವಾಗಿ ಒಪ್ಪಿಕೊಳ್ಳುವ ವಯಸ್ಸು ಸುಮಾರು 3ರಿಂದ 14 ವಾರ. ಲಸಿಕೆಯ ಸರಣಿ ಮುಗಿಯುವುದೋ ಸುಮಾರು 16 ವಾರಕ್ಕೆ. ಅಲ್ಲಿಯವರೆಗೆ ಮನೆಯೊಳಗೇ ಕೂಡಿಟ್ಟರೆ ಆ ಕಾಲ ಕೈಜಾರುತ್ತದೆ. ನೆಲಕ್ಕಿಳಿಸದೆ ಎತ್ತಿಕೊಂಡೇ ಆಟೋ, ಛತ್ರಿ, ಹೆಲ್ಮೆಟ್, ಮಕ್ಕಳು ಎಲ್ಲವನ್ನೂ ತೋರಿಸಿ.

ಸುಮ್ಮನಿದ್ದ ನಾಯಿ ಒಮ್ಮೆಲೇ ಕಚ್ಚಿದರೆ ತರಬೇತುದಾರರಿಗಿಂತ ಮೊದಲು ಪಶುವೈದ್ಯರಿಗೆ ತೋರಿಸಿ. ಕಿವಿ, ಹಲ್ಲು, ಕೀಲುಗಳ ನೋವೂ ಕಚ್ಚಿಸುತ್ತದೆ. ಗಾಯವಾದವರು ಹರಿಯುವ ನೀರಿನಲ್ಲಿ ಸೋಪು ಹಚ್ಚಿ 15 ನಿಮಿಷ ತೊಳೆದು, ಅದೇ ದಿನ ರೇಬೀಸ್ ಲಸಿಕೆಗೆ ಆಸ್ಪತ್ರೆಗೆ ಹೋಗಲೇಬೇಕು.