ಒಂದರ ಬೆಲೆ ಸರಿ, ಯಾವ ಒಂದು?

ಬಟ್ಟೆ ಒಗೆಯುವ ಸೋಪಿನ ಪುಡಿಯ ಎರಡು ಪ್ಯಾಕೆಟ್ ಎದುರಿಗಿದ್ದವು. ಒಂದು 400 ಗ್ರಾಂ, ಬೆಲೆ 90. ಇನ್ನೊಂದು 650 ಗ್ರಾಂ, ಬೆಲೆ 143. (ಯಾವ ದೇಶದ ದುಡ್ಡು ಅಂತ ಕೇಳಬೇಡಿ, ಅನುಪಾತಕ್ಕೆ ಅದರ ಹಂಗಿಲ್ಲ.) ದೊಡ್ಡ ಪ್ಯಾಕೆಟ್ಟೇ ಅಗ್ಗ ಅಂತ ಎಲ್ಲರೂ ಹೇಳುತ್ತಾರೆ. ನನಗೆ ಮಾತ್ರ ಲೆಕ್ಕ ಹಾಕದೆ ಕೈ ಮುಂದೆ ಹೋಗುವುದಿಲ್ಲ.

ಮೊದಲು ಒಂದು ಗ್ರಾಂಗೆ ಎಷ್ಟು ಅಂತ ಕಂಡುಹಿಡಿ, ಆಮೇಲೆ ಹೋಲಿಸು. ಶಾಲೆಯಲ್ಲಿ ಕಲಿತದ್ದು ಹೀಗೆ. ಆದರೆ ನಿಂತಲ್ಲೇ 143ನ್ನು 650ರಿಂದ ಭಾಗಿಸುವುದು ನನ್ನ ಕೈಲಾಗದ ಕೆಲಸ. ಅದಕ್ಕೇ ನಾನು ಒಂದರವರೆಗೆ ಇಳಿಯುವುದಿಲ್ಲ, ಚಿಕ್ಕದನ್ನೇ ದೊಡ್ಡದರ ಮಟ್ಟಕ್ಕೆ ಏರಿಸುತ್ತೇನೆ. 400ಕ್ಕೆ 90. ಅದರರ್ಧ, 200ಕ್ಕೆ 45. ಅದರ ಕಾಲು ಭಾಗ, 50ಕ್ಕೆ 11.25. ಮೂರನ್ನೂ ಕೂಡಿಸಿದರೆ 650 ಗ್ರಾಂ, 146.25. ಅಷ್ಟೇ ಪುಡಿ ದೊಡ್ಡ ಪ್ಯಾಕೆಟ್ಟಿನಲ್ಲಿ 143ಕ್ಕೆ ಸಿಗುತ್ತಿದೆ. ಉಳಿತಾಯ 3.25.

ಇದು ಹಳೇ ತ್ರೈರಾಶಿಯೇ, ಗೊತ್ತಿರುವ ಮೂರು ಸಂಖ್ಯೆಯಿಂದ ನಾಲ್ಕನೆಯದನ್ನು ಅನುಪಾತದಲ್ಲಿ ಕಂಡುಹಿಡಿಯುವ ಲೆಕ್ಕ. ಆರ್ಯಭಟ ಕ್ರಿ.ಶ. 499ರಷ್ಟು ಹಿಂದೆಯೇ ಹೇಳಿದ್ದ: ಫಲವನ್ನು ಇಚ್ಛೆಯಿಂದ ಗುಣಿಸಿ ಪ್ರಮಾಣದಿಂದ ಭಾಗಿಸು. ಇಲ್ಲಿ 400 ಪ್ರಮಾಣ, 90 ಫಲ, 650 ಇಚ್ಛೆ. ಈ ‘ಇಚ್ಛೆ’ ಅನ್ನೋ ಹೆಸರು ನನಗೆ ಬಹಳ ಇಷ್ಟ. ನಿನಗೆ ಬೇಕಾದದ್ದು ಏನು ಅಂತ ಲೆಕ್ಕವೇ ಕೇಳಿದ ಹಾಗಿದೆ ಅಲ್ವಾ?

ನಾನು ಎಡವಿದ್ದೂ ಅಲ್ಲೇ. ದೊಡ್ಡದನ್ನೇ ತಂದೆ. ಮನೆಗೆ ಬಂದ ಮೇಲೆ ಪ್ಯಾಕೆಟ್ ಹಿಂದಿನ ಸಣ್ಣ ಅಕ್ಷರ ಓದಿದೆ. ಒಂದು ಸಲದ ಒಗೆತಕ್ಕೆ 25 ಗ್ರಾಂ ಹಾಕಬೇಕಂತೆ. ಚಿಕ್ಕ ಪ್ಯಾಕೆಟ್ ಬೇರೆ ತಯಾರಕರದು, ಅದಕ್ಕೆ 20 ಗ್ರಾಂ ಸಾಕು. ಅಂದರೆ ಚಿಕ್ಕದರಲ್ಲಿ 20 ಒಗೆತ, ದೊಡ್ಡದರಲ್ಲಿ 26. ಒಂದು ಒಗೆತಕ್ಕೆ ಚಿಕ್ಕದರಲ್ಲಿ 4.50, ದೊಡ್ಡದರಲ್ಲಿ 5.50. ಗ್ರಾಂ ಲೆಕ್ಕದಲ್ಲಿ ಗೆದ್ದದ್ದು ಒಗೆತದ ಲೆಕ್ಕದಲ್ಲಿ ಸೋತಿತು. ನನಗೆ ಬೇಕಿದ್ದದ್ದು ಒಗೆದ ಬಟ್ಟೆ, ಪುಡಿಯ ತೂಕ ಕಟ್ಟಿಕೊಂಡು ಏನು ಮಾಡಲಿ? ಭಾಗಾಕಾರದಲ್ಲಿ ತಪ್ಪಿರಲಿಲ್ಲ, ಯಾವುದರಿಂದ ಭಾಗಿಸಬೇಕು ಅನ್ನೋದರಲ್ಲಿ ತಪ್ಪಿದ್ದೆ.

‘25% ಜಾಸ್ತಿ’ ಅಂತ ಬರೆದದ್ದನ್ನೂ ಈಗ ಹೀಗೇ ಬಿಡಿಸಿ ನೋಡುತ್ತೇನೆ. 100 ಗ್ರಾಂಗೆ ಬೆಲೆ 100 ಇದ್ದು, ಅದೇ ಬೆಲೆಗೆ 125 ಗ್ರಾಂ ಸಿಕ್ಕರೆ, 100 ಗ್ರಾಂಗೆ ಬೀಳುವುದು 80. ಅದು 20% ಬೆಲೆ ಇಳಿಸಿದ್ದಕ್ಕೆ ಸಮ, 25ಕ್ಕಲ್ಲ.

ಗೋಡೆಯ ಬಣ್ಣದಲ್ಲಿ ಇನ್ನೂ ದೊಡ್ಡ ಪೆಟ್ಟು ತಿಂದೆ. 3 ಮೀಟರ್ ಉದ್ದ, 2 ಮೀಟರ್ ಎತ್ತರದ ಗೋಡೆಗೆ ಎರಡು ಕೋಟು ಬಳಿಯಲು 1 ಲೀಟರ್ ಹಿಡಿದಿತ್ತು. ಮುಂದಿನ ಗೋಡೆ 6 ಮೀಟರ್ ಉದ್ದ, 4 ಮೀಟರ್ ಎತ್ತರ. ಎರಡರಷ್ಟು ದೊಡ್ಡದು, ಎರಡು ಲೀಟರ್ ಸಾಕು ಅಂತ ತಂದೆ. ಮೊದಲ ಕೋಟು ಮುಗಿಯುವಾಗ ಡಬ್ಬ ಖಾಲಿ. ಏಣಿಯ ಮೇಲೆ ನಿಂತೇ ಗೊತ್ತಾಯಿತು: ಬಣ್ಣ ಉದ್ದದ ಜೊತೆ ಬೆಳೆಯುವುದಿಲ್ಲ, ವಿಸ್ತೀರ್ಣದ ಜೊತೆ ಬೆಳೆಯುತ್ತದೆ. 6 ಚದರ ಮೀಟರ್‌ಗೆ 1 ಲೀಟರ್ ಆದರೆ 24ಕ್ಕೆ 4. ಪಾಠ ಮಾಡುವಾಗ ಇದನ್ನೇ ಎಷ್ಟು ಸಲ ಬೇರೆಯವರಿಗೆ ತಿದ್ದಿದ್ದೆನೋ!

ಇನ್ನು ಕೆಲವು ಕಡೆ ಅನುಪಾತವೇ ಇರುವುದಿಲ್ಲ. ಮುದ್ರಣದ್ದು ಹಾಗೆ. ಒಂದು ಸಣ್ಣ ಪುಸ್ತಿಕೆಗೆ ದರ ಕೇಳಿದೆ: 100 ಪ್ರತಿಗೆ 800. ಹಾಗಾದರೆ 200ಕ್ಕೆ 1600 ಇರಬೇಕು ಅಂದುಕೊಂಡೆ. ಹೇಳಿದ್ದು 1100. ಮೊದಲು ತಮಾಷೆ ಅನ್ನಿಸಿತು. ಇಂಥ ಕಡೆ ನಾನು ಒಂದೇ ಪ್ರಶ್ನೆ ಕೇಳಿಕೊಳ್ಳುತ್ತೇನೆ: ಒಂದೂ ಪ್ರತಿ ತೆಗೆಯದಿದ್ದರೆ ಖರ್ಚು ಸೊನ್ನೆಯೇ? ಅಲ್ಲ. ಪುಟ ಜೋಡಿಸಿ, ಯಂತ್ರ ಅಣಿ ಮಾಡುವ ಖರ್ಚು ಹೇಗೂ ಇದ್ದೇ ಇರುತ್ತದೆ. ಸೊನ್ನೆಗೆ ಸೊನ್ನೆ ಬರದ ಕಡೆ ತ್ರೈರಾಶಿ ನಡೆಯುವುದಿಲ್ಲ.

ಹಾಗಂತ ಲೆಕ್ಕ ಕೈಬಿಡಬೇಕಿಲ್ಲ. ಎರಡು ದರಗಳ ನಡುವಿನ ವ್ಯತ್ಯಾಸಕ್ಕೆ ಅನುಪಾತ ಹಚ್ಚಿದರಾಯಿತು. 100 ಪ್ರತಿ ಹೆಚ್ಚಾದಾಗ 300 ಏರಿತು, ಅಂದರೆ ಪ್ರತಿಗೆ 3. ಮೊದಲ 100 ಪ್ರತಿಗೆ ಬರೀ 300 ಹೋದರೆ, 800ರಲ್ಲಿ ಉಳಿದ 500 ಆರಂಭದ ಖರ್ಚು. ನನಗೆ ಬೇಕಿದ್ದದ್ದು 400 ಪ್ರತಿ. ಮುದ್ರಕರು ದರಪಟ್ಟಿ ತೆರೆಯುವ ಮೊದಲೇ ‘1700 ಆಗುತ್ತೆ ಅಲ್ವಾ?’ ಅಂದೆ. ಅವರು ಪಟ್ಟಿ ನೋಡಿದರು, ಆಮೇಲೆ ನನ್ನನ್ನು ನೋಡಿದರು. ‘ಹೌದು, ನಿಮಗೆ ಮೊದಲೇ ಯಾರು ಹೇಳಿದ್ದು?’ ಅಂತ ಕೇಳಿದರು.