ಮನೆ ಕಟ್ಟಿ ನೋಡು, ಕಟ್ಟುತ್ತಲೇ ಇರು

ಸ್ಯಾನ್ ಹೋಸೆ ಸುತ್ತಮುತ್ತಲಿನ ಕನ್ನಡಿಗರ ಮನೆಗೆ ಊರಿನಿಂದ ಹಿರಿಯರು ಬಂದರೆ ತೋರಿಸುವ ಜಾಗಗಳು ಹೆಚ್ಚುಕಡಿಮೆ ಗೊತ್ತಾದವೇ: ಗೋಲ್ಡನ್ ಗೇಟ್ ಸೇತುವೆ, ಸ್ಟ್ಯಾನ್‌ಫರ್ಡ್, ಲಿವರ್‌ಮೋರ್ ದೇವಸ್ಥಾನ. ನಾನು ಆ ಸಾಲಿಗೆ ಸ್ಯಾನ್ ಹೋಸೆಯಲ್ಲೇ ಇರುವ, ದೆವ್ವದ ಮನೆಯೆಂದು ಹೆಸರಾದ ವಿಂಚೆಸ್ಟರ್ ಮನೆಯನ್ನೂ ಸೇರಿಸಿಕೊಂಡಿದ್ದೇನೆ. ಕಟ್ಟಡಗಳ ಲೆಕ್ಕಾಚಾರವೇ ನನ್ನ ವೃತ್ತಿಯಾದ್ದರಿಂದ ಎಷ್ಟು ಸಲ ಹೋದರೂ ಅಲ್ಲಿ ನನಗೆ ಬೇಸರವಾಗುವುದಿಲ್ಲ.

ದೆವ್ವದ ಕಥೆಯನ್ನು ಹೊರಡುವ ಮೊದಲೇ, ಮನೆಯಲ್ಲಿ ಕಾಫಿ ಕುಡಿಯುವಾಗಲೇ ಹೇಳಿ ಮುಗಿಸುತ್ತೇನೆ. ವಿಂಚೆಸ್ಟರ್ ಬಂದೂಕು ಕಂಪನಿಯ ಸೊಸೆ ಸಾರಾ. 1866ರಲ್ಲಿ ಹುಟ್ಟಿದ ಒಂದೇ ಮಗು ಕೆಲವೇ ವಾರಗಳಲ್ಲಿ ತೀರಿಕೊಂಡಿತು. 1881ರಲ್ಲಿ ಗಂಡ ವಿಲಿಯಂ ಕ್ಷಯದಿಂದ ಸತ್ತರು. ಬಂದೂಕಿಗೆ ಬಲಿಯಾದವರ ಪ್ರೇತಗಳು ನಿನ್ನ ಬೆನ್ನು ಹತ್ತಿವೆ, ಪಶ್ಚಿಮಕ್ಕೆ ಹೋಗಿ ಮನೆ ಕಟ್ಟು, ಸುತ್ತಿಗೆ ಸದ್ದು ನಿಂತ ದಿನ ನೀನೂ ಇಲ್ಲ ಎಂದು ಸತ್ತವರ ಜೊತೆ ಮಾತಾಡುತ್ತೇವೆನ್ನುವ ಬಾಸ್ಟನ್ನಿನ ಯಾರೋ ಹೇಳಿದರಂತೆ. ಅದಕ್ಕೇ ಆಕೆ ಮೂವತ್ತೆಂಟು ವರ್ಷ ಹಗಲಿರುಳು ಕಟ್ಟಿಸಿದರಂತೆ. ಕಥೆ ಸೊಗಸಾಗಿದೆ, ಆದರೆ ಇದಕ್ಕೆ ಆಧಾರ ಮಾತ್ರ ಸಿಕ್ಕಿಲ್ಲ. ಕೆಲಸ ನಿಲ್ಲಿಸಿ, ಕೆಲಸಗಾರರನ್ನು ಮನೆಗೆ ಕಳಿಸಿ ಸ್ವಲ್ಪ ವಿಶ್ರಾಂತಿ ಪಡೆದದ್ದನ್ನು ಸಾರಾ ತಾವೇ ಪತ್ರದಲ್ಲಿ ಬರೆದಿದ್ದಾರೆ. 1906ರ ನಂತರವಂತೂ ಆಕೆ ಹೆಚ್ಚಾಗಿ ಬೇರೆ ಮನೆಗಳಲ್ಲೇ ವಾಸವಿದ್ದರು. ಪಾಪ, ಪತ್ರಿಕೆಗಳವರಿಗೆ ಸಂದರ್ಶನ ಕೊಡದ, ಹೇರಳವಾಗಿ ಹಣವಿದ್ದ ಒಂಟಿ ವಿಧವೆ. ಇಂಥವರ ಬಗ್ಗೆ ಕಥೆ ಹುಟ್ಟದಿದ್ದರೆ ಆಶ್ಚರ್ಯ. 1922ರ ಸೆಪ್ಟೆಂಬರ್‌ನಲ್ಲಿ ಆಕೆ ತೀರಿಕೊಂಡರು, ಮರುವರ್ಷವೇ ಮನೆಗೆ ಟಿಕೆಟ್ ಬಿತ್ತು. ಟಿಕೆಟ್ ಮಾರುವವರಿಗೆ ದೆವ್ವವೂ ಬೇಕಾಯಿತು.

ಈ ಕಥೆ ಮನೆಯಲ್ಲೇ ಮುಗಿದಿರುವುದರಿಂದ ಅಲ್ಲಿ ಹೋದ ಮೇಲೆ ಕಣ್ಣು ಗೋಡೆ, ಮೆಟ್ಟಿಲು, ಬಾಗಿಲುಗಳ ಮೇಲೆ ನಿಲ್ಲುತ್ತದೆ. 1886ರಲ್ಲಿ ಸಾರಾ ಕೊಂಡದ್ದು ಎಂಟು ಕೋಣೆಗಳ ತೋಟದ ಮನೆ. ಆಗ ಈ ಕಣಿವೆಯ ತುಂಬ ಹಣ್ಣಿನ ತೋಟಗಳಿದ್ದವು. ಈಗ ಅಲ್ಲಿರುವುದು ಸುಮಾರು 160 ಕೋಣೆ, 2,000 ಬಾಗಿಲು, 10,000 ಕಿಟಕಿ ಗಾಜು, ಆರು ಅಡುಗೆಮನೆ. ಆಕೆ ವಾಸ್ತುಶಿಲ್ಪಿಯನ್ನು ನೆಚ್ಚಿಕೊಳ್ಳಲಿಲ್ಲ, ತಮಗೆ ತೋಚಿದಂತೆ ಬಡಗಿಗಳಿಗೆ ಹೇಳಿ ಮಾಡಿಸಿದರು. ಸರಿ ಕಾಣದಿದ್ದರೆ ಕೆಡವಿಸಿದರು. ನಮ್ಮ ಚಿಕ್ಕಮ್ಮ ಒಳಗೆ ಕಾಲಿಟ್ಟ ಸ್ವಲ್ಪ ಹೊತ್ತಿಗೇ, "ಈ ಮನೆಯ ವಾಸ್ತು ಯಾರು ನೋಡಿದ್ದು?" ಎಂದು ಕೇಳಿದ್ದರು. ಯಾರೂ ನೋಡಿರಲಿಲ್ಲ ಎಂಬುದೇ ಉತ್ತರ.

ನಾನು ಎಲ್ಲರನ್ನೂ ತಡೆದು ನಿಲ್ಲಿಸಿ ತೋರಿಸುವುದು ಒಂದು ಮೆಟ್ಟಿಲ ಸಾಲನ್ನು. 44 ಮೆಟ್ಟಿಲು, ಏಳು ತಿರುವು. ಇಷ್ಟೆಲ್ಲ ಹತ್ತಿದರೂ ಏರುವುದು ಸುಮಾರು ಒಂಬತ್ತು ಅಡಿ ಮಾತ್ರ. ಒಂದೊಂದು ಮೆಟ್ಟಿಲಿನ ಎತ್ತರ ಸುಮಾರು ಎರಡು ಇಂಚು. ಪ್ರೇತಗಳ ದಾರಿ ತಪ್ಪಿಸಲು ಎಂದು ಪಕ್ಕದಲ್ಲಿ ಯಾರಾದರೂ ಪಿಸುಗುಟ್ಟುವುದುಂಟು. ಮಂಡಿನೋವಿನ ನನ್ನ ಮಾವ ಪಕ್ಕದ ಕಟಕಟೆಯನ್ನೂ ಹಿಡಿಯದೆ ಅದನ್ನು ಹತ್ತಿ, "ಆಕೆಗೆ ಸಂಧಿವಾತ ಇತ್ತೇನು?" ಎಂದರು. ಇತ್ತು, ತೀವ್ರವಾಗಿಯೇ. ಮನೆಯೊಳಗೆ ಲಿಫ್ಟ್ ಹಾಕಿಸಿದ್ದೂ ಅದಕ್ಕೇ ಇರಬೇಕು. ಗಿಡಗಳಿಗಾಗಿ ಕಟ್ಟಿಸಿದ ಕೋಣೆಯಲ್ಲಿ ನೆಲದ ಹಲಗೆಗಳನ್ನು ಎತ್ತಿಡಬಹುದು. ಅವುಗಳ ಕೆಳಗೆ ಸತುವಿನ ತಗಡಿನ ಇಳಿಜಾರಿದೆ. ಕುಂಡಗಳಿಗೆ ಹಾಕಿದ ನೀರಿನಲ್ಲಿ ಮಿಕ್ಕದ್ದು ಅದರ ಮೇಲೆ ಹರಿದು ಹೊರಗಿನ ತೋಟಕ್ಕೆ ಹೋಗುತ್ತದೆ. ಬೆಂಗಳೂರಿನ ಎಷ್ಟೋ ಹೊಸ ಅಪಾರ್ಟ್‌ಮೆಂಟ್‌ಗಳ ಬಾಲ್ಕನಿಯಲ್ಲಿ ನೀರು ನಿಲ್ಲುವುದನ್ನು ನೋಡಿದವನಿಗೆ ಇಲ್ಲಿ ಕೈಮುಗಿಯಬೇಕೆನಿಸುತ್ತದೆ. ಹಬೆಯಿಂದ ಕೋಣೆ ಬೆಚ್ಚಗಿಡುವ ವ್ಯವಸ್ಥೆ, ಗುಂಡಿ ಒತ್ತಿದರೆ ಉರಿಯುವ ಗ್ಯಾಸ್ ದೀಪ, ಆಳುಗಳನ್ನು ಯಾವ ಕೋಣೆಗೆ ಕರೆದಿದ್ದಾರೆ ಎಂದು ತೋರಿಸುವ ಫಲಕ ಎಲ್ಲವೂ ಇದ್ದವು. ಹುಚ್ಚು ಹಿಡಿದವರು ಇಷ್ಟು ಅಚ್ಚುಕಟ್ಟಾಗಿ ಕೊಳವೆ ಹಾಕಿಸುವುದಿಲ್ಲ.

ಹಾಗಿದ್ದರೆ ಚಾವಣಿಗೆ ತಲೆ ಬಡಿಯುವ ಮೆಟ್ಟಿಲು? ಎರಡನೆಯ ಅಂತಸ್ತಿನಲ್ಲಿ ತೆರೆದರೆ ನೇರ ಕೆಳಗೆ ಬೀಳಬೇಕಾದ ಬಾಗಿಲು? ಎಲ್ಲರೂ ಕಾಯುವುದು ಇವಕ್ಕಾಗಿ. ಇಲ್ಲಿ ನಾನು ಹೇಳುವ ದಿನಾಂಕ ಒಂದೇ: 1906ರ ಏಪ್ರಿಲ್ 18. ಸ್ಯಾನ್ ಫ್ರಾನ್ಸಿಸ್ಕೋವನ್ನು ನೆಲಸಮ ಮಾಡಿದ ಆ ಭೂಕಂಪದಲ್ಲಿ ಈ ಮನೆಯ ಏಳು ಅಂತಸ್ತಿನ ಗೋಪುರ ಉರುಳಿತು. ಸಾರಾ ಆಗ ಮುಂಭಾಗದ ಮಲಗುವ ಕೋಣೆಯಲ್ಲಿ ಸಿಕ್ಕಿಕೊಂಡಿದ್ದರಂತೆ, ಆಳುಗಳು ಬಂದು ಹೊರತಂದರಂತೆ. ಬಿದ್ದದ್ದನ್ನು ತೆಗೆದರು, ಮೇಲಿನ ಅಂತಸ್ತುಗಳನ್ನು ಮತ್ತೆ ಕಟ್ಟಲಿಲ್ಲ. ಈಗ ಉಳಿದಿರುವುದು ನಾಲ್ಕೇ ಅಂತಸ್ತು. ಮೇಲಿನ ಮನೆ ಹೋದ ಮೇಲೆ ಅದಕ್ಕೆ ಹೋಗುತ್ತಿದ್ದ ಮೆಟ್ಟಿಲು ಎಲ್ಲಿಗೆ ಹೋಗಬೇಕು? ಪ್ರತಿಯೊಂದು ವಿಚಿತ್ರಕ್ಕೂ ಇದೇ ಕಾರಣ ಎಂದು ವಾದಿಸಲಾರೆ. ಜೇಡರ ಬಲೆಯ ವಿನ್ಯಾಸದ ಕಿಟಕಿಗಳು, ಎಲ್ಲೆಂದರಲ್ಲಿ ಹದಿಮೂರು ಎಂಬ ಸಂಖ್ಯೆ ಭೂಕಂಪದಿಂದ ಬಂದವಲ್ಲ. ಆದರೆ ಒಂದು ಭಾಗ ಕಳಚಿಬಿದ್ದ ಕಟ್ಟಡ ಹೇಗೆ ಕಾಣುತ್ತದೆ ಎಂಬುದು ನನ್ನ ವೃತ್ತಿಯವರಿಗೆ ಗೊತ್ತು, ಅದು ಹೀಗೇ ಕಾಣುತ್ತದೆ.

ನನಗೆ ನಿಜಕ್ಕೂ ನಿಗೂಢವೆನಿಸುವುದು ನೃತ್ಯಶಾಲೆ. ಮರದ ಕೆಲಸ ಅಲ್ಲಿ ಬಹುತೇಕ ಮೊಳೆಯಿಲ್ಲದ್ದು. ಎರಡು ಬಣ್ಣಗಾಜಿನ ಕಿಟಕಿಗಳಲ್ಲಿ ಶೇಕ್ಸ್‌ಪಿಯರ್‌ನ ಎರಡು ಸಾಲುಗಳಿವೆ. ಒಂದು 'ಟ್ರಾಯ್ಲಸ್ ಅಂಡ್ ಕ್ರೆಸಿಡಾ' ನಾಟಕದ್ದು, ಇನ್ನೊಂದು ಸೆರೆಯಲ್ಲಿ ಒಂಟಿಯಾಗಿ ಕುಳಿತ ದೊರೆ ಎರಡನೆಯ ರಿಚರ್ಡ್ ತನ್ನ ಆಲೋಚನೆಗಳಿಂದಲೇ ಪುಟ್ಟ ಲೋಕವೊಂದನ್ನು ತುಂಬಿಕೊಳ್ಳುವ ಮಾತು. ಸಾವಿರ ಸಾಲುಗಳಲ್ಲಿ ಈ ಎರಡೇ ಏಕೆ? ಮಾರ್ಗದರ್ಶಿಗಳು ಇಲ್ಲಿ ಅವಸರ ಮಾಡುತ್ತಾರೆ. ನಾನು ಗುಂಪಿನ ಕೊನೆಯಲ್ಲಿ ನಿಂತು ಇನ್ನೊಮ್ಮೆ ಓದಿಕೊಳ್ಳುತ್ತೇನೆ.

ಹೋಗುವವರಿಗೆ ಒಂದೆರಡು ಮಾತು. ಒಬ್ಬರೇ ಅಡ್ಡಾಡಲು ಬಿಡುವುದಿಲ್ಲ, ಗುಂಪಿನ ಜೊತೆಗೇ ನಡೆಯಬೇಕು. ಗುಂಪು ಬಿಟ್ಟರೆ ಹೊರಗೆ ಬರುವ ದಾರಿ ನಿಜಕ್ಕೂ ತಿಳಿಯುವುದಿಲ್ಲ. ಒಂದು ಗಂಟೆಗೂ ಮಿಕ್ಕಿ ನಡಿಗೆ, ಇಕ್ಕಟ್ಟಾದ ಓಣಿಗಳು. ಸೀರೆಯ ನೆರಿಗೆ ಸ್ವಲ್ಪ ಮೇಲಿರಲಿ, ಕಾಲಲ್ಲಿ ಚಪ್ಪಲಿಗಿಂತ ಶೂ ಇರಲಿ. ಎಲ್ಲ ಮೆಟ್ಟಿಲುಗಳೂ ಎರಡು ಇಂಚಿನವಲ್ಲ. ಬೇಸಿಗೆಯಲ್ಲಾದರೆ ಬೆಳಗಿನ ಗುಂಪೇ ಲೇಸು, ಮೇಲಿನ ಅಂತಸ್ತು ಮಧ್ಯಾಹ್ನಕ್ಕೆ ಕಾದುಬಿಡುತ್ತದೆ. ಮುಗಿಸಿ ಹೊರಬಂದರೆ ರಸ್ತೆಯಾಚೆಗೇ ಅಂಗಡಿ, ಹೋಟೆಲುಗಳ ಸಂತಾನಾ ರೋ, ಊಟಕ್ಕೆ ಕೊರತೆಯಿಲ್ಲ. ನಮ್ಮ ಮಾವನವರಿಗೆ ಮಾತ್ರ ಮನೆಯ ಸಾರನ್ನವೇ ಬೇಕು, ಆದ್ದರಿಂದ ನಾವು ಕಾರು ಹತ್ತುತ್ತೇವೆ.