ನಮ್ಮ ಬೀದಿಯ ಗಾಳಿಯನ್ನು ನಾವೇ ಅಳೆದೆವು

ಕಪ್ಪು ಹೊಗೆ ಕಂಡರೆ ಎಲ್ಲರೂ ಮೂಗು ಮುಚ್ಚಿಕೊಳ್ಳುತ್ತಾರೆ. ಆದರೆ ಶ್ವಾಸಕೋಶದ ಆಳಕ್ಕೆ ಇಳಿಯುವ ಪಿಎಂ 2.5, ಅಂದರೆ 2.5 ಮೈಕ್ರೋಮೀಟರ್ ಅಥವಾ ಅದಕ್ಕಿಂತ ಚಿಕ್ಕದಾದ ಕಣ, ಕಣ್ಣಿಗೆ ಬೀಳುವುದೇ ಇಲ್ಲ. ಬೆಂಗಳೂರಿನ ಮೈಸೂರು ರಸ್ತೆ ಪಕ್ಕದ ನಮ್ಮ ಬಡಾವಣೆಯಲ್ಲಿ ಗಾಳಿಯ ಮಾತೆತ್ತಿದರೆ, "ಎಲ್ಲಾ ಕಡೆ ಹಂಗೇ ಅಲ್ವಾ" ಎನ್ನುತ್ತಿದ್ದರು. ಸರ್ಕಾರಿ ಮಾಪನ ಕೇಂದ್ರಗಳ ಅಂಕಿ ಸಮೀರ್ ಆ್ಯಪ್‌ನಲ್ಲಿ ಸಿಗುತ್ತದೆ, ನಿಜ. ಆದರೆ ಅದು ನಮ್ಮ ಬೀದಿಯದ್ದಲ್ಲ.

ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ 2015ರಲ್ಲಿ ಶುರುವಾದ ಜನರ ಸೆನ್ಸರ್ ಜಾಲದ ಮಾದರಿಯನ್ನೇ ಹಿಡಿದೆವು. ಕಣ ಅಳೆಯುವ ಎಸ್‌ಡಿಎಸ್011 ಎಂಬ ಸೆನ್ಸರ್, ಜೊತೆಗೆ ಅಂಕಿಯನ್ನು ಇಂಟರ್ನೆಟ್‌ಗೆ ಕಳಿಸುವ ಒಂದು ವೈಫೈ ಬೋರ್ಡು. ಒಳಗಿನ ಚಿಕ್ಕ ಫ್ಯಾನ್ ಗಾಳಿ ಎಳೆಯುತ್ತದೆ. ಲೇಸರ್ ಬೆಳಕು ಕಣಗಳಿಗೆ ಬಡಿದು ಚದುರುತ್ತದೆ. ಎಷ್ಟು ಚದುರಿತು ಎಂಬುದರ ಮೇಲೆ ಲೆಕ್ಕ. ಇದಕ್ಕೆ ಮನೆಯಾದದ್ದು ಹಾರ್ಡ್‌ವೇರ್ ಅಂಗಡಿಯ ಎರಡು ಪಿವಿಸಿ ಎಲ್ಬೋ, ಅಂದರೆ ಬಾಗಿದ ಪೈಪ್ ತುಂಡು. ಒಂದಕ್ಕೊಂದು ಸೇರಿಸಿ, ಎರಡೂ ಬಾಯಿ ಕೆಳಮುಖ ಮಾಡಿದರೆ ಮಳೆ ನೀರು ಒಳಗೆ ಹೋಗುವುದಿಲ್ಲ. ಬಾಯಿಗೆ ಸೊಳ್ಳೆ ಪರದೆಯ ತುಂಡು ಕಟ್ಟಿದೆವು, ಇಲ್ಲದಿದ್ದರೆ ಜೇಡ ಬಲೆ ಕಟ್ಟುತ್ತದೆ.

ಮೊದಲು ಎಲ್ಲ ಸೆನ್ಸರ್‌ಗಳನ್ನೂ ಒಂದೇ ತಾರಸಿಯಲ್ಲಿಟ್ಟು ಹೋಲಿಸಿದೆವು. ಒಂದೇ ಗಾಳಿಗೆ ಬೇರೆ ಬೇರೆ ಅಂಕಿ ತೋರಿಸುವ ಯಂತ್ರವನ್ನು ಯಾರು ನಂಬುತ್ತಾರೆ? ಇನ್ನೊಂದು ವಿಷಯ: ಮಂಜು, ತೇವ ಜಾಸ್ತಿ ಇದ್ದಾಗ ಕಣಗಳು ನೀರು ಹೀರಿ ಉಬ್ಬುತ್ತವೆ, ಅಂಕಿಯೂ ಉಬ್ಬುತ್ತದೆ. ಅಂಥ ದಿನದ ಲೆಕ್ಕವನ್ನು ಯಾರ ಮುಂದೆಯೂ ಹಿಡಿಯಬಾರದು.

ಇಷ್ಟೆಲ್ಲ ಮಾಡಿದರೂ ಅಂಕಿ ಮೊಬೈಲ್‌ನಲ್ಲೇ ಇದ್ದರೆ ನೋಡುವವರು ನಾವು ನಾಲ್ಕು ಜನ ಮಾತ್ರ. ಹಾಗಾಗಿ ಟೀ ಅಂಗಡಿ ಮುಂದೆ ಒಂದು ಕರಿಹಲಗೆ ನಿಲ್ಲಿಸಿದೆವು. ಪಕ್ಕದಲ್ಲಿ ಹೂ ಮಾರುವ ಅಕ್ಕ ಬೆಳಗ್ಗೆ ಅಂಗಡಿ ಹಾಕಿದ ಕೂಡಲೇ ಅದರ ಮೇಲೆ ನಿನ್ನೆಯ ಸರಾಸರಿ ಬರೆಯುತ್ತಾರೆ. ಕೆಳಗೆ ಎರಡು ಅಂಕಿ ಖಾಯಂ: ನಮ್ಮ ದೇಶದ 24 ಗಂಟೆಯ ಮಿತಿ 60, ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ ಮಿತಿ 15. ಎಲ್ಲವೂ ಒಂದು ಘನ ಮೀಟರ್ ಗಾಳಿಯಲ್ಲಿರುವ ಮೈಕ್ರೋಗ್ರಾಂ ಲೆಕ್ಕ.

"ಏನಕ್ಕಾ, ಇವತ್ತು ಜಾಸ್ತಿ?" ಎಂದು ಆಟೋದವರೊಬ್ಬರು ಕೇಳಿದರು.

"ನಿನ್ನೆ ಎಲೆ ಸುಟ್ರಲ್ಲಣ್ಣ, ಇನ್ನೇನಾಗತ್ತೆ?"

ಆ ಉತ್ತರ ಕೇಳಿ ನನಗೆ ಎಷ್ಟು ಖುಷಿಯಾಯಿತು ಅಂದರೆ, ಹೇಳತೀರದು. ಪಾರ್ಕ್ ಬಳಿಯ ಸೆನ್ಸರ್‌ನಲ್ಲಿ ಬೆಳಗಿನ ಹೊತ್ತು ಅಂಕಿ ದಿಢೀರನೆ ಏರಿ ಇಳಿಯುವುದನ್ನು ನಾವೂ ನೋಡಿದ್ದೆವು. ಗುಡಿಸಿದ ಒಣ ಎಲೆ ಸುಡುವ ಹೊತ್ತದು. ಸುಡುತ್ತಿದ್ದವರನ್ನು ಬೈದು ಪ್ರಯೋಜನವಿಲ್ಲ, ಎಲೆ ಹಾಕಲು ಅವರಿಗೆ ಜಾಗವೇ ಇರಲಿಲ್ಲ. ಪಾರ್ಕ್‌ನ ಮೂಲೆಯಲ್ಲಿ ತಂತಿ ಬಲೆಯ ಗೊಬ್ಬರದ ತೊಟ್ಟಿ ಮಾಡಿಸಿದೆವು. ಈಗ ಎಲೆ ಅಲ್ಲಿಗೆ ಹೋಗುತ್ತದೆ, ಬೆಳಗಿನ ಆ ಏರಿಕೆಯೂ ನಿಂತಿದೆ.

ರಾತ್ರಿ ಲಾರಿಗಳ ಹೊಗೆ ಮಾತ್ರ ಇನ್ನೂ ಬಗೆಹರಿದಿಲ್ಲ. ರಾತ್ರಿ ತಂಪಾದಾಗ ಗಾಳಿ ಮೇಲೇರದೆ ನೆಲದ ಹತ್ತಿರವೇ ನಿಲ್ಲುವುದರಿಂದ ಎಲ್ಲ ಕಡೆಯೂ ಅಂಕಿ ಏರುತ್ತದೆ. ಅದಕ್ಕೇ ಸುಮ್ನೆ ಲಾರಿಗಳತ್ತ ಬೊಟ್ಟು ಮಾಡದೆ, ಮುಖ್ಯರಸ್ತೆಯ ಅಂಕಿಯನ್ನು ಅದೇ ಗಂಟೆಯ ಪಾರ್ಕ್ ಅಂಕಿಯ ಪಕ್ಕ ಬರೆದಿಡುತ್ತಿದ್ದೇವೆ. ಮುಂದಿನ ವಾರ್ಡ್ ಸಭೆಗೆ ಒಯ್ಯುವುದು ಈ ವ್ಯತ್ಯಾಸದ ಲೆಕ್ಕವನ್ನೇ.